ಪ್ಯಾಲಡಿನ್ ಕಣ್ಣಿಗೆ ಬಿದ್ದ ಸಾಹುಕಾರ: ಒಂದೇ ಕಥೆ, ಬೇರೆ ಬೇರೆ ನಿಯಮ

ಪ್ಯಾಲಡಿನ್ ಅಂದರೆ ಧರ್ಮಕ್ಕಾಗಿ ಕತ್ತಿ ಹಿಡಿದ ಯೋಧ. ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ ಕಥೆ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟ ಬಂದದ್ದು 1974ರಲ್ಲಿ. ಮರುವರ್ಷದ ಪುರವಣಿಯಲ್ಲೇ ಈ ಪಾತ್ರವೂ ಸೇರಿತು. ಕಲಬುರಗಿಯ ನಮ್ಮ ಗುಂಪಿನಲ್ಲಿ ಪ್ಯಾಲಡಿನ್ನಿನ ಕತ್ತಿ, ಕವಚ, ಕುದುರೆ ಯಾವುದರ ಬಗ್ಗೆಯೂ ತಕರಾರು ಎದ್ದಿಲ್ಲ. ಎದ್ದದ್ದೆಲ್ಲ ಕೆಡುಕನ್ನು ಅರಿಯುವ ಶಕ್ತಿಯ ಬಗ್ಗೆ. "ಅವ ಕೆಟ್ಟವ ಅದಾನ ಅಂತ ಗೊತ್ತಾಗ್ಯದ, ಇನ್ನೇನ್ ಮಾತು?" ಎಂದು ಒಬ್ಬಾಕೆ ಕತ್ತಿ ಎತ್ತುತ್ತಾಳೆ. "ಗೊತ್ತಾದ್ರ ಮುಗೀತೇನಕ್ಕ? ಏನ್ ಮಾಡ್ಯಾನ ಅಂತ ಕೇಳಬ್ಯಾಡೇನು?" ಎಂದು ಇನ್ನೊಬ್ಬ ಅಡ್ಡ ನಿಲ್ಲುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಾಗಿ ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸಿ ನಿಯಮ ತೀರ್ಮಾನಿಸುವವ) ಆಗಿ ನಾನು ಒಂದೇ ಕಥೆಯನ್ನು ಬೇರೆ ಬೇರೆ ಆವೃತ್ತಿಗಳ ನಿಯಮದಲ್ಲಿ ನಡೆಸಿ ನೋಡಿದೆ.

ಕಥೆಯ ಊರು ನಮ್ಮ ಕಡೆಯದೇ ಅನ್ನಿಸುವಂಥದ್ದು. ಕೋಟೆ, ಕೋಟೆಯ ಹೊರಗೆ ತೊಗರಿ ವ್ಯಾಪಾರದ ಗಂಜ್, ಊರಿಗೆ ನೀರು ಕೊಡುವ ಸುರಂಗ ಬಾವಿ. ಬೀದರದ ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದಡಿ ಕಾಲುವೆ, ನಡುನಡುವೆ ಮೇಲಕ್ಕೆ ತೆರೆದ ಬಾವಿಗಳು, ಅದರ ನಕ್ಷೆಯ ಧಾಟಿಯಲ್ಲೇ ಇದನ್ನೂ ಬರೆದೆ. ಊರಲ್ಲಿ ನೀರು ಕುಡಿದವರು ಕಾಯಿಲೆ ಬೀಳುತ್ತಿದ್ದಾರೆ. ಎಲ್ಲರ ಸಂಶಯ ಗಂಜಿನ ಸಾಹುಕಾರನ ಮೇಲೆ. ತೂಕದಲ್ಲಿ ಮೋಸ ಮಾಡುತ್ತಾನೆ, ರೈತರ ರಕ್ತ ಹೀರುವ ಬಡ್ಡಿ ವಸೂಲಿ ಮಾಡುತ್ತಾನೆ. ಆಟದ ಲೆಕ್ಕದಲ್ಲಿ ಅವನ ಅಲೈನ್‌ಮೆಂಟ್ ಈವಿಲ್, ಅಂದರೆ ಗುಣದ ಪಟ್ಟಿಯಲ್ಲಿ ಕೆಟ್ಟವನು. ಆದರೆ ನೀರಿಗೆ ವಿಷ ಬೆರೆಸುತ್ತಿರುವವನು ಬಾವಿ ಕಾಯುವ ಮುದುಕ, ಜೀವಮಾನವೆಲ್ಲ ಒಳ್ಳೆಯವನಾಗಿ ಬಾಳಿದವನು. ಅವನ ಮಗನನ್ನು ಸುರಂಗದೊಳಗೆ ಒಂದು ವೈಟ್, ಅಂದರೆ ಸತ್ತೂ ಸಾಯದ ಪ್ರೇತ, ಸೆರೆಯಿಟ್ಟುಕೊಂಡಿದೆ. ಕೆಟ್ಟವನು ವಿಷ ಹಾಕಿಲ್ಲ, ವಿಷ ಹಾಕಿದವನು ಕೆಟ್ಟವನಲ್ಲ. ಈ ಗಂಟನ್ನು ಯಾವ ನಿಯಮ ಹೇಗೆ ಬಿಡಿಸುತ್ತದೆ, ಅಥವಾ ಇನ್ನಷ್ಟು ಬಿಗಿಯುತ್ತದೆ ಎಂಬುದೇ ನನ್ನ ಪರೀಕ್ಷೆ.

ಮೊದಲು ಹಳೆಯ ಕಾಲದ ನಿಯಮ. 1978ರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಕೈಪಿಡಿಯಲ್ಲೂ 1989ರ ಎರಡನೇ ಆವೃತ್ತಿಯಲ್ಲೂ ಪ್ಯಾಲಡಿನ್ 60 ಅಡಿ ದೂರದವರೆಗೆ ಕೆಡುಕನ್ನು ಅರಿಯಬಲ್ಲ. ಒಂದು ದಿಕ್ಕಿಗೆ ಮನಸ್ಸಿಟ್ಟು ನೋಡಬೇಕು, ಅಷ್ಟೆ. ಎಷ್ಟು ಸಲ ಬೇಕಾದರೂ ನೋಡಬಹುದು. ಎರಡನೇ ಆವೃತ್ತಿ ಇನ್ನೊಂದು ಮಾತು ಸೇರಿಸುತ್ತದೆ: ಗೊತ್ತಾಗುವುದು ಕೆಟ್ಟ ಉದ್ದೇಶ. ಓದಲು ಚೆಂದ, ಆಡುವಾಗ ಕಷ್ಟ. ನಮ್ಮ ಪ್ಯಾಲಡಿನ್ ಗಂಜಿನ ಬಾಗಿಲಲ್ಲಿ ನಿಂತು ಅಂಗಡಿ ಅಂಗಡಿಗೆ ಕಣ್ಣು ಹಾಯಿಸಿದಳು. ಸಾಹುಕಾರನತ್ತ ನೋಡಿದಾಗ "ಕೆಡುಕು ಇದೆ" ಎಂದೆ. ಅಲ್ಲಿಗೆ ಅವನ ಕಥೆ ಮುಗಿಯಿತು. ನಂತರ ಮುದುಕನ ಸರದಿ ಬಂತು. ಅವನ ಕೈಯಲ್ಲಿ ವಿಷದ ಗಡಿಗೆ ಇದೆ, ಮನಸ್ಸಲ್ಲಿ ಮಗ ಇದ್ದಾನೆ. ಕೆಟ್ಟ ಉದ್ದೇಶ ಇದೆ ಎನ್ನಲೋ, ಇಲ್ಲ ಎನ್ನಲೋ? "ಮಗನ ಜೀವ ಉಳಸಬೇಕು ಅನ್ನೋದು ಕೆಟ್ಟ ಉದ್ದೇಶ ಏನಣ್ಣ?" ಎಂದು ಪಕ್ಕದ ಆಟಗಾರ ಕೇಳಿದ. ಅದು ಒಳ್ಳೆಯ ಪ್ರಶ್ನೆ, ಆದರೆ ಅದನ್ನು ಕೇಳಬೇಕಾದದ್ದು ಮುದುಕನನ್ನು. ಈ ನಿಯಮದಲ್ಲಿ ಅದು ನನ್ನ ಮುಂದೆ ಬಂತು. ನ್ಯಾಯ ತೀರ್ಮಾನದ ಭಾರವೆಲ್ಲ ಡಿಎಂ ತಲೆಯ ಮೇಲೆ ಬೀಳುತ್ತದೆ, ಪ್ಯಾಲಡಿನ್ ಬರೀ ವರದಿ ಪಡೆಯುವವಳಾಗುತ್ತಾಳೆ. ಪವಿತ್ರ ಯೋಧೆಯ ಪಾತ್ರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

2003ರ ಮೂರೂವರೆ ಆವೃತ್ತಿಯಲ್ಲಿ ಇದೇ ಶಕ್ತಿಯ ರೂಪ ಬೇರೆ. ಅಲ್ಲೂ ಎಷ್ಟು ಸಲ ಬೇಕಾದರೂ ಬಳಸಬಹುದು, ಅಳತೆ ಅದೇ 60 ಅಡಿ, ಆದರೆ ಮುಂದೆ ಹೋದಂತೆ ಅಗಲವಾಗುವ ಶಂಕುವಿನ ಆಕಾರ. ಉತ್ತರ ಕಂತುಕಂತಾಗಿ ಬರುತ್ತದೆ. ಮೊದಲ ರೌಂಡಿನಲ್ಲಿ ಆ ದಿಕ್ಕಿನಲ್ಲಿ ಕೆಡುಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಎರಡನೆಯದರಲ್ಲಿ ಕೆಡುಕಿನ ಎಷ್ಟು ಛಾಯೆಗಳಿವೆ, ಅತಿ ಗಾಢವಾದದ್ದು ಎಷ್ಟು ಬಲದ್ದು ಎಂದು. ಮೂರನೆಯದರಲ್ಲಿ ಒಂದೊಂದು ಛಾಯೆ ಎಷ್ಟು ಬಲದ್ದು, ಎಲ್ಲಿದೆ ಎಂದು. ಒಂದು ರೌಂಡಿಗೆ 6 ಸೆಕೆಂಡು, ಒಟ್ಟು 18. ಕಾಗದದ ಮೇಲೆ ಇದು ಕಾಲಹರಣ ಅನ್ನಿಸುತ್ತದೆ. ಆದರೆ ತುಂಬಿದ ಗಂಜಿನಲ್ಲಿ ಒಬ್ಬ ಸಾಹುಕಾರನನ್ನು 18 ಸೆಕೆಂಡು ಎವೆಯಿಕ್ಕದೆ ನೋಡಿ, ಅವನು ಸುಮ್ಮನಿರುತ್ತಾನೆಯೇ? ಎರಡನೇ ರೌಂಡಿಗೇ ನಾನು ಅವನ ಬಾಯಲ್ಲಿ ಆಡಿಸಿದೆ: "ಏನ್ ತಾಯಿ, ಹಂಗ್ಯಾಕ್ ನೋಡ್ಲಿಕತ್ತಿ? ತೊಗರಿ ಬೇಕೇನು, ಜಗಳ ಬೇಕೇನು?" ಪ್ಯಾಲಡಿನ್ ಉತ್ತರ ಕೊಡಲೇಬೇಕಾಯಿತು. ಮಾತು ಶುರುವಾಯಿತು. ಮೂರನೇ ರೌಂಡಿನ ಉತ್ತರ ಬರುವ ಹೊತ್ತಿಗೆ ಸಾಹುಕಾರ ತನ್ನ ಮನೆಯ ಬಾವಿಯನ್ನೂ ಮುಚ್ಚಿಸಿದ್ದು, ತನ್ನ ಸೊಸೆಯೂ ಹಾಸಿಗೆ ಹಿಡಿದದ್ದು ಹೊರಗೆ ಬಂದಿತ್ತು.

ಛಾಯೆಗಳ ಬಲದ ಲೆಕ್ಕವೂ ಇಲ್ಲಿ ಕೆಲಸ ಮಾಡುತ್ತದೆ. ಹಿಟ್ ಡೈಸ್ ಅಂದರೆ ಆಟದಲ್ಲಿ ಒಂದು ಜೀವಿಯ ಬಲದ ಅಳತೆ. 10 ಹಿಟ್ ಡೈಸ್‌ವರೆಗಿನ ಸಾಮಾನ್ಯ ಕೆಟ್ಟ ಮನುಷ್ಯನದು ಮಂದ ಛಾಯೆ. ಪ್ರೇತಗಳಿಗಾದರೆ 3ರಿಂದ 8 ಹಿಟ್ ಡೈಸ್‌ಗೇ ಮಧ್ಯಮ ಛಾಯೆ. ನಮ್ಮ ವೈಟ್ 4 ಹಿಟ್ ಡೈಸ್‌ದು. ಅಂದರೆ ಸಾಹುಕಾರನಿಗಿಂತ ಗಾಢವಾದದ್ದು ಊರಲ್ಲೆಲ್ಲೋ ಇದೆ ಎಂಬುದು ಗಮನವಿಟ್ಟು ನೋಡಿದವರಿಗೆ ಸಿಗುವ ಸುಳಿವು. ನೀರಿನ ಗಡಿಗೆಯ ಕಡೆ ನೋಡಿದರೆ ಏನೂ ತೋರುವುದಿಲ್ಲ, ಯಾಕೆಂದರೆ ವಿಷ, ಬಲೆ, ಪ್ರಾಣಿ ಇವು ಅಪಾಯವೇ ಹೊರತು ಕೆಡುಕಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಈ ಆವೃತ್ತಿಯಲ್ಲಿ ನನಗೆ ಅತಿ ಪ್ರಿಯವಾದದ್ದು ತಡೆಗಳು. 1 ಅಡಿ ಕಲ್ಲು, 1 ಇಂಚು ಸಾಮಾನ್ಯ ಲೋಹ, ಸೀಸದ ತೆಳು ತಗಡು, 3 ಅಡಿ ಕಟ್ಟಿಗೆ ಅಥವಾ ಮಣ್ಣು, ಇಷ್ಟಿದ್ದರೆ ಶಕ್ತಿ ಆಚೆ ದಾಟದು. ನಮ್ಮ ಕಲಬುರಗಿ ಕೋಟೆಯ ಗೋಡೆಯ ಪಕ್ಕ ಒಮ್ಮೆ ನಿಂತವರಿಗೆ ಇದರ ಅರ್ಥ ತಾನೇ ಆಗುತ್ತದೆ. ಆ ದಪ್ಪದ ಗೋಡೆಯ ಹಿಂದೆ ಏನಿದ್ದರೂ ಪ್ಯಾಲಡಿನ್ನಿಗೆ ಕಾಣದು, ಬಾಗಿಲು ತೆರೆಸಿಕೊಂಡು ಒಳಗೇ ಹೋಗಬೇಕು. ಸುರಂಗದ ವಿಷಯದಲ್ಲಂತೂ ನಮ್ಮ ಪ್ಯಾಲಡಿನ್ ಆಟಗಾರ್ತಿ ಮಾಡಿದ ಕೆಲಸ ಈಗಲೂ ಮೆಚ್ಚುತ್ತೇನೆ. ನೆಲದ ಮೇಲೆ ನಿಂತು ನೋಡಿದರೆ ನಡುವೆ ಮಣ್ಣು, ಏನೂ ತಿಳಿಯದು. ಅವಳು ನಕ್ಷೆ ಎಳೆದುಕೊಂಡು ಒಂದೊಂದೇ ಗಾಳಿಬಾವಿಯ ಬಾಯಿಗೆ ಹೋಗಿ, ಬಗ್ಗಿ, ಶಂಕುವನ್ನು ನೇರ ಕೆಳಕ್ಕೆ ಹಿಡಿದಳು. ಕೊನೆಗೆ ಒಂದು ಬಾವಿಯೊಳಗೆ ಮಧ್ಯಮ ಬಲದ ಛಾಯೆ ಸಿಕ್ಕಿತು. ಶಕ್ತಿಗೆ ಮಿತಿ ಇದ್ದದ್ದರಿಂದಲೇ ಬುದ್ಧಿಗೆ ಜಾಗ ಸಿಕ್ಕಿತು.

ಇದರ ಲೋಪ ಒಂದೇ, ಆದರೆ ಸಣ್ಣದಲ್ಲ. ಮಂದ ಛಾಯೆ ಸಣ್ಣ ಪಾಪಿಗೂ ಇರುತ್ತದೆ. 1ನೇ ಲೆವೆಲಿನ ಕಳ್ಳ, ನೆರೆಮನೆಗೆ ಹೊಟ್ಟೆಕಿಚ್ಚಿನಿಂದ ಬೆಂಕಿ ಇಡಲು ಯೋಚಿಸುವ ಹೆಂಗಸು, ಸಾಹುಕಾರ, ಎಲ್ಲರೂ ಒಂದೇ ಪಟ್ಟಿಯಲ್ಲಿ. ಮೈತುಂಬ ಹಸಿದ ಕಣ್ಣಿನ ಪ್ಯಾಲಡಿನ್ ಇದ್ದರೆ ಊರು ಉಳಿಯದು.

2009ರ ಪಾತ್‌ಫೈಂಡರ್ ಎಂಬ, ಮೂರೂವರೆ ಆವೃತ್ತಿಯಿಂದಲೇ ಹುಟ್ಟಿದ ಬೇರೆ ಆಟ ಈ ಲೋಪವನ್ನು ಸರಿಯಾಗಿ ಹಿಡಿದಿದೆ. ಅಲ್ಲಿ 4 ಹಿಟ್ ಡೈಸ್‌ವರೆಗಿನ ಸಾಮಾನ್ಯ ಜನಕ್ಕೆ ಛಾಯೆಯೇ ಇಲ್ಲ, ಪುರೋಹಿತರು, ಪ್ರೇತಗಳು ಮುಂತಾದವರ ಲೆಕ್ಕ ಬೇರೆ. ನಮ್ಮ ಸಾಹುಕಾರ ತಪ್ಪಿಸಿಕೊಂಡ, ಅದು ನ್ಯಾಯವೇ. ಆದರೆ ಅದೇ ಕೈಯಿಂದ ಇನ್ನೊಂದು ಕೆಲಸ ಮಾಡಿದ್ದಾರೆ: ಒಬ್ಬನನ್ನೇ ಗುರಿಮಾಡಿದರೆ ಒಂದು ಸಣ್ಣ ಚಲನೆಯ ಹೊತ್ತಿನಲ್ಲೇ ಪ್ಯಾಲಡಿನ್ನಿಗೆ ಮೂರೂ ರೌಂಡಿನ ಉತ್ತರ ಸಿಗುತ್ತದೆ. ನೋಡಿಸಿಕೊಂಡವನು ಬಾಯಿ ತೆರೆಯುವ ಮೊದಲೇ ತೀರ್ಪು ಸಿದ್ಧ. ಯುದ್ಧದ ನಡುವೆ ಇದು ವರ. ಗಂಜಿನಲ್ಲಿ ಶಾಪ.

2008ರ ನಾಲ್ಕನೇ ಆವೃತ್ತಿ ಪ್ಯಾಲಡಿನ್ನಿಂದ ಈ ಶಕ್ತಿಯನ್ನೇ ತೆಗೆದುಹಾಕಿತ್ತು. ಅದರಲ್ಲಿ ನಮ್ಮ ಕಥೆ ಸಾಮಾನ್ಯ ಪತ್ತೇದಾರಿ ಕಥೆಯಂತೆ ನಡೆಯಿತು, ಹೋಲಿಸಲು ಹೆಚ್ಚೇನೂ ಇಲ್ಲ.

2014ರ ಐದನೇ ಆವೃತ್ತಿ ದಾರಿಯನ್ನೇ ಬದಲಿಸಿತು. ಡಿವೈನ್ ಸೆನ್ಸ್ ಎಂಬ ಹೆಸರಿನ ಈ ಶಕ್ತಿ ಮನುಷ್ಯರ ಮನಸ್ಸನ್ನು ಮುಟ್ಟುವುದೇ ಇಲ್ಲ. ದೇವಲೋಕದವರು, ನರಕದವರು, ಪ್ರೇತಗಳು, ಈ ಮೂರು ಬಗೆಯವರು 60 ಅಡಿಯೊಳಗೆ ಎಲ್ಲಿದ್ದಾರೆ ಎಂಬುದು ಗೊತ್ತಾಗುತ್ತದೆ, ಪೂರ್ತಿ ಮರೆಯಲ್ಲಿ ಇರಬಾರದು ಅಷ್ಟೆ. ಬಗೆ ತಿಳಿಯುತ್ತದೆ, ಗುರುತು ತಿಳಿಯದು. ಪವಿತ್ರಗೊಳಿಸಿದ ಅಥವಾ ಅಪವಿತ್ರಗೊಳಿಸಿದ ಜಾಗ, ವಸ್ತುಗಳೂ ತಿಳಿಯುತ್ತವೆ. ದಿನಕ್ಕೆ ಎಷ್ಟು ಸಲ ಎಂಬುದಕ್ಕೂ ಲೆಕ್ಕ ಇದೆ: ಕ್ಯಾರಿಸ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) 16 ಇದ್ದವಳಿಗೆ ದೀರ್ಘ ವಿಶ್ರಾಂತಿಯವರೆಗೆ 4 ಸಲ. ಹೀಗಾಗಿ ಸಾಹುಕಾರನ ಬಗ್ಗೆ ಪ್ಯಾಲಡಿನ್ನಿಗೂ ನಮ್ಮ ನಿಮ್ಮಂತೆಯೇ ಸಂಶಯ ಮಾತ್ರ. ತಕ್ಕಡಿ ನೋಡಬೇಕು, ಲೆಕ್ಕದ ವಹಿ ನೋಡಬೇಕು, ಹಮಾಲರನ್ನು ಮಾತಾಡಿಸಬೇಕು. ಮುದುಕನನ್ನು ಮಾತಾಡಿಸಿ ಅಳಿಸಿದ್ದು ಈ ಆಟದಲ್ಲೇ, ಪ್ರೇತ ಇರುವ ಜಾಗ ಅವನೇ ತೋರಿಸಿದ. ಊರಿನ ಒಳಸುಳಿಯ ಕಥೆಗಳಿಗೆ ಇದಕ್ಕಿಂತ ಒಳ್ಳೆಯ ನಿಯಮ ನಾನು ನೋಡಿಲ್ಲ.

ಆದರೂ ಒಂದು ಕೊರತೆ ಕಾಡುತ್ತದೆ. ಒಬ್ಬ ಮನುಷ್ಯನೆದುರು ನಿಂತಾಗ "ಇವನಲ್ಲಿ ಏನೋ ಸರಿ ಇಲ್ಲ" ಎಂದು ಪವಿತ್ರ ಯೋಧೆಯ ಎದೆ ನಡುಗುವ ಗಳಿಗೆ, ಆ ಅರಿವನ್ನು ಹೊತ್ತುಕೊಂಡೂ ಕತ್ತಿ ಎತ್ತದೆ ಇರುವ ಸಂಯಮ, ಇದನ್ನು ಆಡುವ ಅವಕಾಶ ಇಲ್ಲಿಲ್ಲ. ಶಕ್ತಿ ಕೈಯಲ್ಲಿದ್ದಾಗಲೇ ಸಂಯಮಕ್ಕೆ ಬೆಲೆ. ಮೂರೂವರೆ ಆವೃತ್ತಿಯಲ್ಲಿ ಬೇಕೆಂದೇ ಒಂದು ಕೆಟ್ಟ ಕೆಲಸ ಮಾಡಿದ ಪ್ಯಾಲಡಿನ್ ತನ್ನ ವರಗಳನ್ನೆಲ್ಲ ಕಳೆದುಕೊಳ್ಳುತ್ತಾಳೆ. ಮಂದ ಛಾಯೆಯೊಂದನ್ನೇ ಸಾಕ್ಷಿ ಮಾಡಿಕೊಂಡು ಒಬ್ಬನ ತಲೆ ತೆಗೆದರೆ ಅದು ಕೆಟ್ಟ ಕೆಲಸವೇ ಎಂದು ನಮ್ಮ ಟೇಬಲ್ಲಿನಲ್ಲಿ ಆಟ ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಕೊನೆಗೆ ಶಿಕ್ಷೆ ಕೊಡುವುದು ಡಿಎಂಗೆ ಶೋಭೆಯಲ್ಲ.

ಹೀಗಾಗಿ ನಾವೀಗ ಆಡುವುದು ಎರಡರ ಬೆರಕೆ: ಮೂರೂವರೆ ಆವೃತ್ತಿಯ ನಿಧಾನದ ಮೂರು ರೌಂಡು ಮತ್ತು ತಡೆಗಳು, ಪಾತ್‌ಫೈಂಡರಿನ 4 ಹಿಟ್ ಡೈಸ್ ವಿನಾಯಿತಿ. ಅದರ ಮೇಲೆ ನಮ್ಮದೇ ಒಂದು ಪದ್ಧತಿ. ಛಾಯೆ ಕಂಡ ಪ್ಯಾಲಡಿನ್ ಆ ಮನುಷ್ಯನಿಗೆ ಎದುರಾಎದುರೇ ಹೇಳಬೇಕು: "ನಿಮ್ಮ ಮ್ಯಾಲ ನನಗ ಸಂಶಯ ಬಂದದ್ರಿ. ನೀವೇ ಹೇಳ್ರಿ." ಕದ್ದು ನೋಡುವುದು, ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಜಾಲಾಡುವುದು ಇಲ್ಲ. ನೋಡಲು ಕಾರಣ ಬೇಕು: ದೂರು ಬಂದಿರಬೇಕು, ರಕ್ತ ಬಿದ್ದಿರಬೇಕು, ಅಥವಾ ಗೆಳೆಯರ ಜೀವಕ್ಕೆ ಆಗಲೇ ಕುತ್ತು ಬಂದಿರಬೇಕು. ಕದನದೊಳಗೆ ಈ ಕಟ್ಟಳೆ ಸಡಿಲ. ಸ್ಮೈಟ್, ಅಂದರೆ ಕೆಟ್ಟವರ ಮೇಲಷ್ಟೇ ಫಲಿಸುವ ಪವಿತ್ರ ಹೊಡೆತ, ಹೊಡೆಯುವ ಮೊದಲು ಎದುರಾಳಿ ನಿಜಕ್ಕೂ ಕೆಟ್ಟವನೇ ಎಂದು ತಿಳಿಯುವುದು ಜಾಣತನ, ಅಲ್ಲದವನ ಮೇಲೆ ಹೊಡೆದರೆ ಆ ದಿನದ ಸ್ಮೈಟ್ ವ್ಯರ್ಥ.

ಖಳನಾಯಕನಿಗೂ ಆಟ ಬೇಕಲ್ಲ. ಅಲೈನ್‌ಮೆಂಟ್ ಮರೆಮಾಚುವ ಸ್ಪೆಲ್ 24 ತಾಸು ಇರುತ್ತದೆ, ಅದನ್ನು ಅಪರೂಪಕ್ಕೆ ಬಳಸಿ. ಪ್ರತಿ ಕಥೆಯಲ್ಲೂ ಬಳಸಿದರೆ ಆಟಗಾರ್ತಿಯ ವರವನ್ನು ನೀವೇ ಕಿತ್ತುಕೊಂಡಂತೆ. ಅದರ ಬದಲು ಸೀಸದ ತಗಡು ಹೊದಿಸಿದ ಪೆಟ್ಟಿಗೆ ಇಡಿ. ನಾನು ಶಾಪಗ್ರಸ್ತ ಬಿದ್ರಿ ಹುಕ್ಕಾ ಒಂದನ್ನು ಅಂಥ ಪೆಟ್ಟಿಗೆಯಲ್ಲಿಟ್ಟಿದ್ದೆ. ಮುಚ್ಚಿದ್ದಾಗ ಏನೂ ಕಾಣದು, ಮುಚ್ಚಳ ತೆರೆದ ಕೂಡಲೇ ಛಾಯೆ ಹೊರಬಿತ್ತು. ಆದರೆ ಒಂದು ಎಚ್ಚರಿಕೆ: ಛಾಯೆ ಅತಿಬಲದ್ದಾಗಿದ್ದು, ಅದರ ಒಡೆಯನ ಬಲ ನೋಡುವವಳ ಲೆವೆಲಿನ ಎರಡು ಪಟ್ಟು ಇದ್ದರೆ, ಒಳ್ಳೆಯವಳಾದ ಪ್ಯಾಲಡಿನ್ ಒಂದು ರೌಂಡ್ ಮೈಮರೆತು ನಿಲ್ಲುತ್ತಾಳೆ. ಚಿಕ್ಕ ಲೆವೆಲಿನ ಗುಂಪಿಗೆ ಅಂಥದ್ದನ್ನು ತೋರಿಸುವ ಮುನ್ನ ಪಕ್ಕದಲ್ಲಿ ಯಾರಾದರೂ ಕಾಯುತ್ತಿದ್ದಾರೆಯೇ ನೋಡಿಕೊಳ್ಳಿ.

2024ರ ಹೊಸ ನಿಯಮದಲ್ಲಿ ಆಡುವವರಿಗೆ ಇಷ್ಟು: ಡಿವೈನ್ ಸೆನ್ಸ್ ಈಗ 3ನೇ ಲೆವೆಲಿನಿಂದ ಸಿಗುವ ಚಾನೆಲ್ ಡಿವಿನಿಟಿಯ, ಅಂದರೆ ಎಣಿಸಿದಷ್ಟೇ ಸಲ ಬಳಸಬಹುದಾದ ದೈವಶಕ್ತಿಯ, ಒಂದು ಭಾಗ. ಬೋನಸ್ ಆಕ್ಷನ್ (ಸರದಿಯಲ್ಲಿ ಮುಖ್ಯ ಕೆಲಸದ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ) ಸಾಕು, 10 ನಿಮಿಷ ಉಳಿಯುತ್ತದೆ. ಸುರಂಗದಲ್ಲಿ ನಡೆಯುತ್ತ ಹೋಗಲು ಆ 10 ನಿಮಿಷ ದೊಡ್ಡ ಅನುಕೂಲ. ಆದರೆ ಅದೇ ಬೊಕ್ಕಸದಿಂದ ಪವಿತ್ರ ಆಯುಧದಂಥ ಬೇರೆ ವರಗಳಿಗೂ ಖರ್ಚಾಗುತ್ತದೆ, ಶುರುವಿಗೆ ಇರುವುದೇ ಎರಡು ಸಲ. ಮುದುಕನನ್ನು ಮಾತಾಡಿಸಿದ ಮೇಲೆ, ಸುರಂಗದ ಮೆಟ್ಟಿಲು ಇಳಿಯುವಾಗ ಅದನ್ನು ತೆರೆಯಿರಿ.