ಬಿಳಿ ಚಿಕೋರಿಯ ಪೆಟ್ಟಿಗೆ: ಒಂದು ಚಳಿಗಾಲದ ಅನುಭವ

ನಮ್ಮ ಊರುಗಳಲ್ಲಿ ಚಿಕೋರಿ ಎಂದೊಡನೆ ನೆನಪಾಗುವುದು ಕಾಫಿಪುಡಿ ಅಂಗಡಿ. ‘ಎಂಬತ್ತು ಇಪ್ಪತ್ತು ಹಾಕಿ’ ಎಂದು ಹೇಳಿ ಪೊಟ್ಟಣ ಕಟ್ಟಿಸಿಕೊಂಡು ಬರುವ ನಮ್ಮಲ್ಲಿ ಬಹಳ ಮಂದಿಗೆ ಆ ಇಪ್ಪತ್ತು ಪಾಲು ಒಂದು ಗಿಡದ ಹುರಿದ ಬೇರು ಎಂಬುದಷ್ಟೇ ಗೊತ್ತು. ಆ ಗಿಡಕ್ಕೆ ಎಲೆಗಳಿರುತ್ತವೆ, ಅದರದೇ ಜಾತಿಯ ಇನ್ನೊಂದು ಬಗೆಯನ್ನು ತರಕಾರಿಯಾಗಿ ತಿನ್ನುತ್ತಾರೆ ಎಂಬುದು ನನಗೆ ತಿಳಿದದ್ದು ಬೆಲ್ಜಿಯಂನ ಲ್ಯೂವೆನ್‌ಗೆ ಬಂದ ಮೇಲೆ. ಇಲ್ಲಿನ ಡಚ್ ಮಾತಿನಲ್ಲಿ ಅದು ವಿಟ್‌ಲೂಫ್, ಎಂದರೆ ಬಿಳಿಯೆಲೆ. ಬ್ರಸೆಲ್ಸ್‌ನ ಫ್ರೆಂಚ್ ಮಾತಿನವರಿಗೆ ಅದೇ ಶಿಕೋನ್. ಅಂಗೈಯಗಲದ ಬಾಳೆಮೋತೆಯನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುವ ಈ ಮೊಗ್ಗನ್ನು ಮನೆಯಲ್ಲೇ ಬೆಳೆಯಬಹುದೆಂದು ಹೇಳುವ ಒಂದು ಪೆಟ್ಟಿಗೆಯನ್ನು ಕಳೆದ ವರ್ಷ ನವೆಂಬರಿನಲ್ಲಿ ಇಲ್ಲಿನ ತೋಟಗಾರಿಕೆ ಅಂಗಡಿಯೊಂದರಲ್ಲಿ ಕೊಂಡೆ. ಈ ಬರಹ ಆ ಪೆಟ್ಟಿಗೆಯ ಕುರಿತಾದದ್ದು.

ಇಪ್ಪತ್ತೆರಡು ಯೂರೋ ಕೊಟ್ಟರೆ ಸಿಗುವುದು ಇಷ್ಟು: ಹದಿನೈದು ಬೇರು, ಒಂದು ಕಪ್ಪು ಪ್ಲಾಸ್ಟಿಕ್ ತೊಟ್ಟಿ, ಅದಕ್ಕೊಂದು ಮುಚ್ಚಳ, ಒಂದು ಚೀಲ ಗೊಬ್ಬರಮಣ್ಣು, ಒಂದು ಪುಟದ ಸೂಚನೆ. ಬೇರುಗಳನ್ನು ತೊಟ್ಟಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಸುತ್ತ ಮಣ್ಣು ತುಂಬಿ, ನೀರೆರೆದು, ಮುಚ್ಚಿ ಇಟ್ಟರೆ ಮೂರು ವಾರಕ್ಕೆ ಬೆಳೆ ಸಿದ್ಧ ಎಂಬುದು ಸೂಚನೆಯ ಸಾರ. ಕೆಲಸ ಇಷ್ಟು ಸರಳವಾಗಿ ಕಾಣುವುದಕ್ಕೆ ಕಾರಣ, ಕಷ್ಟದ ಭಾಗ ಆ ಹೊತ್ತಿಗೆ ಹೊಲದಲ್ಲಿ ಮುಗಿದಿರುತ್ತದೆ. ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ಬಿತ್ತಿದ ಗಿಡ ಬೇಸಿಗೆಯುದ್ದಕ್ಕೂ ಹಸಿರೆಲೆ ಬಿಟ್ಟು ಇನ್ಯುಲಿನ್ ಎಂಬ ಶರ್ಕರಪಿಷ್ಟವನ್ನು ಬೇರಿನಲ್ಲಿ ಕೂಡಿಡುತ್ತದೆ. ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಅದನ್ನು ಅಗೆದು, ಎಲೆಗಳನ್ನು ಬುಡದಿಂದ ಎರಡು ಮೂರು ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ, ಬೇರನ್ನು ಕೆಲವು ವಾರ ಶೀತದಲ್ಲಿಟ್ಟು, ಆಮೇಲೆ ಬೆಳಕಿಲ್ಲದ ಕಡೆ ನಿಲ್ಲಿಸಿದರೆ ಅದು ತನ್ನ ಗಂಟನ್ನೇ ಕರಗಿಸಿ ಹೊಸ ಮೊಗ್ಗನ್ನು ಮೇಲಕ್ಕೆ ತಳ್ಳುತ್ತದೆ. ಬೆಳಕಿಲ್ಲದ್ದರಿಂದ ಎಲೆ ಹಸಿರಾಗುವುದಿಲ್ಲ, ಕಹಿಯೂ ಹದ ಮೀರುವುದಿಲ್ಲ.

ಪೆಟ್ಟಿಗೆಯನ್ನು ತೆರೆದೊಡನೆ ಎದ್ದು ಕಂಡ ಕೊರತೆ ಬೇರುಗಳದ್ದು. ಒಳ್ಳೆಯ ಬೆಳೆಗೆ ಬೇರಿನ ತಲೆ ಮೂರರಿಂದ ಐದು ಸೆಂಟಿಮೀಟರ್ ದಪ್ಪವಿರಬೇಕು. ಅದಕ್ಕಿಂತ ಸಣ್ಣದಾದರೆ ಮೊಗ್ಗು ಬೆರಳಿನಷ್ಟಾಗುತ್ತದೆ, ತೀರ ದಪ್ಪವಾದರೆ ಒಂದೇ ಬೇರಿನಿಂದ ಎರಡು ಮೂರು ಮೊಗ್ಗು ಒಡೆದು ಯಾವುದೂ ತುಂಬುವುದಿಲ್ಲ. ನನಗೆ ಬಂದ ಹದಿನೈದರಲ್ಲಿ ನಾಲ್ಕು ನುಗ್ಗೆಕಾಯಿಯಷ್ಟು ತೆಳ್ಳಗಿದ್ದವು, ಒಂದು ಮೂಲಂಗಿಯಂತೆ ಊದಿಕೊಂಡಿತ್ತು. ಆರಿಸಿ ತುಂಬಿದ್ದರೆ ಹತ್ತು ಬೇರು ಕೊಟ್ಟಿದ್ದರೂ ನನ್ನ ದೂರು ಇರುತ್ತಿರಲಿಲ್ಲ.

ಸೂಚನೆಯ ಪುಟದ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ತೊಟ್ಟಿಯನ್ನು ‘ಕೋಣೆಯ ಉಷ್ಣತೆಯಲ್ಲಿ’ ಇಡಬೇಕು, ನೀರನ್ನು ‘ದಿನವೂ’ ಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ಅದನ್ನು ಪೂರ್ತಿ ನಂಬುವ ಬದಲು ಬೇರುಗಳನ್ನು ಎರಡು ಪಾಲು ಮಾಡಿ, ಎಂಟನ್ನು ಸೂಚನೆಯಂತೆ ತೊಟ್ಟಿಯಲ್ಲಿಟ್ಟು ಅಡುಗೆಮನೆಯ ಕಪಾಟಿನ ಕೆಳಗೂ, ಉಳಿದ ಏಳನ್ನು ಹಳೆಯ ಬಕೆಟ್ಟೊಂದರಲ್ಲಿ ನೆಟ್ಟು ನೆಲಮಾಳಿಗೆಯಲ್ಲೂ ಇಟ್ಟೆ. ಅಡುಗೆಮನೆಯಲ್ಲಿ ಇಪ್ಪತ್ತೊಂದು ಡಿಗ್ರಿ, ನೆಲಮಾಳಿಗೆಯಲ್ಲಿ ಹದಿಮೂರು. ಮೇಲಿನವು ಹದಿನೇಳನೆಯ ದಿನಕ್ಕೆ ತಲೆಯೆತ್ತಿ ನಿಂತವು ನಿಜ, ಆದರೆ ಎಲೆಗಳು ಸಡಿಲವಾಗಿ ಬಾಯಿ ಬಿಟ್ಟಿದ್ದವು, ದಿನವೂ ನೀರು ಕುಡಿದ ಎರಡು ಬೇರುಗಳು ಬುಡದಲ್ಲಿ ಲೋಳೆಯಾಗಿ ಕೊಳೆತಿದ್ದವು. ಕೆಳಗಿನವಕ್ಕೆ ಇಪ್ಪತ್ತಾರು ದಿನ ಬೇಕಾಯಿತು. ಬಕೆಟ್ಟಿನ ಮೇಲೆ ಹೊದಿಸಿದ್ದ ಜಮಖಾನೆಯನ್ನು ಸರಿಸಿ ಟಾರ್ಚ್ ಹಿಡಿದಾಗ ಕಂಡದ್ದು ಮಣ್ಣಿನಿಂದ ನೇರವಾಗಿ ಎದ್ದ ಐದು ಬಿಳಿ ಮೊಗ್ಗುಗಳು, ತುದಿಯಲ್ಲಿ ಮಾತ್ರ ನಿಂಬೆಯ ಹಳದಿ, ಒತ್ತಿ ನೋಡಿದರೆ ಎಲೆಗೆ ಎಲೆ ಉಜ್ಜಿ ಕಿರ್ ಎನ್ನುವಷ್ಟು ಬಿಗಿ. ತೆಳ್ಳಗಿನ ಎರಡು ಬೇರುಗಳು ನಿರೀಕ್ಷೆಯಂತೆಯೇ ಏನನ್ನೂ ಕೊಡಲಿಲ್ಲ. ತೂಕ ಹಾಕಿದಾಗ ಆ ಐದು ಮೊಗ್ಗುಗಳಲ್ಲಿ ದೊಡ್ಡದು ನೂರಹತ್ತು ಗ್ರಾಂ ಇತ್ತು.

ತೊಟ್ಟಿಯ ದೋಷ ಚಿಕ್ಕದು, ಆದರೆ ಕ್ಷಮಿಸುವಂಥದ್ದಲ್ಲ. ಎತ್ತಲು ಅನುಕೂಲವಾಗಲೆಂದು ಎರಡು ಬದಿಗೂ ಕೈ ತೂರುವಷ್ಟು ತೂತು ಬಿಟ್ಟಿದ್ದಾರೆ. ಕತ್ತಲೆಯೇ ಬಂಡವಾಳವಾದ ಬೆಳೆಗೆ ಕಿಟಕಿ ಇಟ್ಟ ಮನೆ ಕಟ್ಟಿಕೊಟ್ಟ ಹಾಗಾಯಿತು. ತೂತಿನ ಪಕ್ಕದ ಎರಡು ಮೊಗ್ಗುಗಳ ಹೊರಗಿನ ಎಲೆಗಳು ಹಸಿರಾಗಿದ್ದವು, ಅವುಗಳ ಕಹಿ ಹಾಗಲಕಾಯಿಯನ್ನೂ ನಾಚಿಸುವಂತಿತ್ತು.

ಅದೇ ವರ್ಷ ಬಾಡಿಗೆಗೆ ಹಿಡಿದ ಚಿಕ್ಕ ತೋಟದಲ್ಲಿ ನಾನೂ ಒಂದು ಸಾಲು ಬಿತ್ತಿದ್ದೆ. ಹಾಗಾಗಿ ಹೋಲಿಸಿ ನೋಡಲು ಅವಕಾಶವಾಯಿತು. ತಳಿ ‘ಜೂಮ್’ ಎಂಬ ಹೈಬ್ರಿಡ್. ಹಳೆಯ ತಳಿಗಳ ಮೊಗ್ಗು ಬಿಗಿಯಾಗಬೇಕಾದರೆ ಬೇರಿನ ಮೇಲೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಮಣ್ಣು ಹೇರಬೇಕು. ಇದಕ್ಕೆ ಕತ್ತಲೆಯೊಂದೇ ಸಾಕು. ಬಿತ್ತನೆಯಲ್ಲಿ ಆತುರ ಸಲ್ಲದು, ಏಪ್ರಿಲ್‌ನ ಚಳಿ ತಾಕಿದ ಸಸಿ ಬೇರು ಕಟ್ಟುವ ಬದಲು ಹೂದಂಡು ಬಿಟ್ಟೀತು. ಸಸಿಗಳ ನಡುವೆ ಒಂದು ಗೇಣು ಉಳಿಯುವಂತೆ ಕಿತ್ತು ತೆಳುವಾಗಿಸುವುದಕ್ಕೆ ಮನಸ್ಸು ಬರುವುದಿಲ್ಲ, ಆದರೂ ಅದನ್ನು ಮಾಡಲೇಬೇಕು. ಗುಡ್ಡೆ ಹಾಕಿದ ಬೇರುಗಳಿಂದ ಒಳ್ಳೆಯವನ್ನು ನಾನೇ ಆರಿಸಿಕೊಂಡದ್ದರಿಂದ ನನ್ನ ಮೊಗ್ಗುಗಳು ಪೆಟ್ಟಿಗೆಯವಕ್ಕಿಂತ ದಪ್ಪವಾಗಿಯೂ ಬಿಗಿಯಾಗಿಯೂ ಬಂದವು. ಬೀಜದ ಪೊಟ್ಟಣಕ್ಕೆ ತೆತ್ತದ್ದು ನಾಲ್ಕು ಯೂರೋ.

ಇಷ್ಟಾಗಿಯೂ ಹಣದ ಲೆಕ್ಕಕ್ಕೆ ಕೂತರೆ ಎರಡೂ ನಷ್ಟದ ಬಾಬತ್ತೇ. ಪೆಟ್ಟಿಗೆಯಿಂದ ನನಗೆ ದಕ್ಕಿದ್ದು ಒಟ್ಟು ಮುಕ್ಕಾಲು ಕಿಲೋ. ಅಷ್ಟನ್ನು ಶುಕ್ರವಾರದ ಸಂತೆಯಲ್ಲಿ ಪುಡಿಗಾಸಿಗೆ ತರಬಹುದು. ಆದರೆ ಅಂಗಡಿಯಲ್ಲಿ ಸಿಗುವುದು ಬಹುತೇಕ ಮಣ್ಣಿಲ್ಲದೆ, ಹರಿಯುವ ನೀರಿನ ತಟ್ಟೆಗಳಲ್ಲಿ ಬೇರು ನಿಲ್ಲಿಸಿ ಬೆಳೆದದ್ದು. ಮಣ್ಣಿನಲ್ಲಿ ಚಿಗುರಿಸಿದ್ದಕ್ಕೆ ಇಲ್ಲಿ ಬೇರೆಯದೇ ಮರ್ಯಾದೆ: ‘ಬ್ರಸೆಲ್ಸ್ ಗ್ರೊಂಡ್‌ವಿಟ್‌ಲೂಫ್’ ಎಂಬ ಹೆಸರಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯಿದೆ, ನಮ್ಮ ಕೊಡಗಿನ ಕಿತ್ತಳೆಗೋ ನಂಜನಗೂಡಿನ ರಸಬಾಳೆಗೋ ಇರುವ ಹಾಗೆ. ಲ್ಯೂವೆನ್‌ನ ಪಕ್ಕದ ಕಾಂಪೆನ್‌ಹೌಟ್‌ನಲ್ಲಿ ಈ ತರಕಾರಿಗಾಗಿಯೇ ಒಂದು ವಸ್ತುಸಂಗ್ರಹಾಲಯವೂ ಇದೆ. ಮನೆಯಲ್ಲಿ ಬೆಳೆದದ್ದರ ರುಚಿ ಈ ಮಣ್ಣಿನ ವಿಟ್‌ಲೂಫ್‌ಗೆ ಹತ್ತಿರ. ಕಹಿಯ ಹಿಂದೆಯೇ ಒಂದು ಸಿಹಿ ಬಂದು ನಿಲ್ಲುತ್ತದೆ.

ಅಡುಗೆಯ ವಿಷಯದಲ್ಲಿ ಪೆಟ್ಟಿಗೆಯವರು ಇಲ್ಲಿನ ಪದ್ಧತಿಯಂತೆ ಹ್ಯಾಮ್ ಸುತ್ತಿ, ಚೀಸ್ ಸಾಸ್ ಸುರಿದು ಓವನ್‌ನಲ್ಲಿಡಲು ಹೇಳುತ್ತಾರೆ. ಸಸ್ಯಾಹಾರಿಗಳಾದ ನಾವು ಮೊಗ್ಗನ್ನು ಉದ್ದಕ್ಕೆ ಸೀಳಿ, ಬೆಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಚಿಟಿಕೆ ಸಕ್ಕರೆ, ತುಸು ಜಾಯಿಕಾಯಿ ಹಾಕಿ ತಿಂದೆವು. ನಮ್ಮ ಮನೆಯಲ್ಲಿ ಗೆದ್ದದ್ದು ಮಾತ್ರ ಕೋಸಂಬರಿ. ನೆನೆದ ಹೆಸರುಬೇಳೆಗೆ ಸೌತೆಕಾಯಿಯ ಬದಲು ಸಣ್ಣಗೆ ಹೆಚ್ಚಿದ ವಿಟ್‌ಲೂಫ್ ಬೆರೆಸಿ, ತೆಂಗಿನತುರಿ, ನಿಂಬೆರಸ, ಇಂಗಿನ ಒಗ್ಗರಣೆ ಕೊಟ್ಟರೆ ಕಹಿ ತನ್ನ ಜಾಗದಲ್ಲಿ ತಾನು ಕೂರುತ್ತದೆ. ಬುಡದಲ್ಲಿರುವ ಶಂಕುವಿನಾಕಾರದ ತಿರುಳನ್ನು ಚಾಕುವಿನ ತುದಿಯಿಂದ ತೆಗೆಯುವುದನ್ನು ಮರೆಯಬಾರದು. ಗೊಜ್ಜು ಕೈಕೊಟ್ಟಿತು, ಹುಣಸೆಹುಳಿಯಲ್ಲಿ ಕುದಿಯತೊಡಗಿದ ನಾಲ್ಕೇ ನಿಮಿಷಕ್ಕೆ ಎಲ್ಲವೂ ನಾರಾಗಿ ತೇಲಿತು.

ಮೊಗ್ಗು ಕತ್ತರಿಸಿದ ಬೇರು ಇನ್ನೊಮ್ಮೆ ಬಿಡಿ ಎಲೆಗಳನ್ನು ಕೊಡುತ್ತದೆ, ಅದನ್ನು ಸಾಲಡ್‌ಗೆ ಬಳಸಬಹುದು. ಆಮೇಲೂ ಬಿಸಾಡಲು ಮನಸ್ಸಾಗದೆ ಆರು ಬೇರುಗಳನ್ನು ತೊಳೆದು, ಹೋಳು ಮಾಡಿ, ಒಣಗಿಸಿ, ಹುರಿದು ಕಾಫಿಗೆ ಬೆರೆಸಿ ನೋಡಿದೆ. ಬಣ್ಣ ಬಂತು, ಮೈ ಬರಲಿಲ್ಲ. ಕೂಡಿಟ್ಟದ್ದೆಲ್ಲ ಎಲೆಗೆ ಹೋದ ಮೇಲೆ ಬೇರಿನಲ್ಲಿ ಉಳಿಯುವುದಾದರೂ ಏನು? ಅಲ್ಲದೆ ಕಾಫಿಯ ಚಿಕೋರಿ ದಪ್ಪ ಬೇರಿನ ಬೇರೆ ಬಗೆ, ನಮ್ಮ ಫಿಲ್ಟರಿಗೆ ಇಳಿಯುವುದು ಗುಜರಾತ್ ಮತ್ತು ಉತ್ತರ ಪ್ರದೇಶದ ಹೊಲಗಳಲ್ಲಿ ಬೆಳೆದದ್ದು.

ತೋಟವಿಲ್ಲದವರು, ಹದಿನೈದು ಡಿಗ್ರಿಯ ಆಸುಪಾಸಿನ ಕತ್ತಲೆಯ ಮೂಲೆಯೊಂದು ಮನೆಯಲ್ಲಿದ್ದರೆ, ಈ ಪೆಟ್ಟಿಗೆಯನ್ನು ಒಂದು ಸಲ ಕೊಳ್ಳಬಹುದು. ಸೂಚನೆಯ ಪುಟವನ್ನು ಓದದಿದ್ದರೆ ಇನ್ನೂ ಒಳ್ಳೆಯದು. ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಆ ಅರ್ಧ ಅಂಕ ತೊಟ್ಟಿಯ ಗಟ್ಟಿತನಕ್ಕೆ. ಈ ವರ್ಷ ನಾನು ಬೀಜವನ್ನಷ್ಟೇ ತಂದೆ. ಆ ತೊಟ್ಟಿಯ ಎರಡೂ ತೂತುಗಳಿಗೆ ಕಪ್ಪು ಟೇಪು ಮೆತ್ತಿ, ನನ್ನದೇ ಸಾಲಿನ ಹನ್ನೆರಡು ಬೇರುಗಳನ್ನು ನಿಲ್ಲಿಸಿ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಇಂದಿಗೆ ಆರನೆಯ ದಿನ.