ಪತ್ರ ನೀವೇ ಬರೆಯಬೇಕು, ತಲುಪಿಸೋದು ಇವರ ಕೆಲಸ: ರೈಟ್‌ಟುದೆಮ್

ಬ್ರಿಟನ್‌ನಲ್ಲಿರುವ ನಮ್ಮವರಿಗೆ ರೈಟ್‌ಟುದೆಮ್ ಅನ್ನುವ ಈ ಸೈಟ್ ಬಗ್ಗೆ ಹೇಳಲೇಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಇಲ್ಲಿನ ಎಂಪಿಗೋ ಸ್ಥಳೀಯ ಆಡಳಿತದ ಕೌನ್ಸಿಲರ್‌ಗೋ ಪತ್ರ ಬರೆಯಲು ಇದಕ್ಕಿಂತ ನೇರವಾದ ದಾರಿ ನಾನು ನೋಡಿಲ್ಲ. ಮೈಸೊಸೈಟಿ ಅನ್ನುವ ಸೇವಾ ಸಂಸ್ಥೆ 2005ರಿಂದ ನಡೆಸುತ್ತಿದೆ. ದುಡ್ಡು ಕೊಡಬೇಕಾಗಿಲ್ಲ. ಅದಕ್ಕೂ ಮುಂಚೆ ಫ್ಯಾಕ್ಸ್‌ಯುವರ್‌ಎಂಪಿ ಅಂತ ಇತ್ತು, ಜನ ಟೈಪ್ ಮಾಡಿದ್ದನ್ನು ಎಂಪಿಗಳಿಗೆ ಫ್ಯಾಕ್ಸ್ ಮಾಡುತ್ತಿತ್ತು.

ಪೋಸ್ಟ್‌ಕೋಡ್ ಹಾಕಿದರೆ ಸಾಕು, ವಾರ್ಡಿನ ಕೌನ್ಸಿಲರ್‌ಗಳಿಂದ ಹಿಡಿದು ಎಂಪಿವರೆಗೆ ನಿಮ್ಮ ಪ್ರತಿನಿಧಿಗಳ ಹೆಸರೆಲ್ಲ ಬರುತ್ತದೆ. ಯಾರ ಕೈಯಲ್ಲಿ ಯಾವ ಕೆಲಸ ಇದೆ ಅಂತಲೂ ಚಿಕ್ಕದಾಗಿ ಬರೆದಿರುತ್ತಾರೆ. ಅದನ್ನು ಓದದೆ ಮುಂದೆ ಹೋಗಬೇಡಿ. ಕಸ, ಬೀದಿ ದೀಪ, ರಸ್ತೆ ಗುಂಡಿ ಇವೆಲ್ಲ ಕೌನ್ಸಿಲ್‌ಗೆ, ವೀಸಾ, ಆದಾಯ ತೆರಿಗೆಯಂಥವು ಎಂಪಿಗೆ. ನಾನು ಮೊದಲ ಸಲ ಬೀದಿ ದೀಪದ ಬಗ್ಗೆ ಎಂಪಿಗೆ ಬರೆದು ಮೂರು ವಾರ ಸುಮ್ನೆ ಕಾದಿದ್ದೆ.

ಪತ್ರ ಬರೆದ ಮೇಲೆ ನಿಮ್ಮ ಇಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಅದನ್ನು ಒತ್ತಿದರೆ ಮಾತ್ರ ಪತ್ರ ಹೋಗುತ್ತದೆ, ಎಷ್ಟೋ ಜನ ಇಲ್ಲೇ ಮರೆತುಬಿಡಬಹುದು, ಹಾಗಾಗಿ ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ವಿಳಾಸ ಯಾಕೆ ಕೇಳುತ್ತಾರೆ ಅಂದರೆ, ಎಂಪಿಗಳು ಸಾಮಾನ್ಯವಾಗಿ ತಮ್ಮ ಕ್ಷೇತ್ರದವರಿಗೆ ಮಾತ್ರ ಉತ್ತರ ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇದೆ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಹಿಂಜರಿಯಬೇಡಿ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಇಲ್ಲಿ ವಾಸವಿದ್ದರೆ ಹೆಸರು ನೋಂದಾಯಿಸಿ ವೋಟ್ ಕೂಡ ಹಾಕಬಹುದು!

ಈಗ ನನಗೆ ಅತಿ ಹೆಚ್ಚು ಇಷ್ಟವಾದ ವಿಷಯಕ್ಕೆ ಬರ್ತೀನಿ. ಇಲ್ಲಿ ರೆಡಿಮೇಡ್ ಪತ್ರ ಇಲ್ಲ. ಒಂದೇ ಪತ್ರವನ್ನು ನೂರಾರು ಜನ ಕಾಪಿ ಮಾಡಿ ಕಳಿಸಲು ಹೋದರೆ ಸೈಟೇ ತಡೆಯುತ್ತದೆ. ಮೊದಲು ಇದೇನು ಕಿರಿಕಿರಿ ಅನಿಸಿತ್ತು, ಯಾಕಂದರೆ ಅದಕ್ಕೂ ಮುಂಚೆ ನಾನು ಬಳಸಿದ್ದ ಇನ್ನೊಂದು ಆಪ್‌ನಲ್ಲಿ ಪತ್ರ ಮೊದಲೇ ಬರೆದಿರುತ್ತಿತ್ತು, ಬಟನ್ ಒತ್ತಿದರೆ ಮುಗೀತು. ಆದರೆ ಬಂದ ಉತ್ತರವೂ ಹಾಗೇ ಇತ್ತು, ನನ್ನ ಹೆಸರೊಂದನ್ನು ಬದಲಾಯಿಸಿ ಎಲ್ಲರಿಗೂ ಕಳಿಸಿದ ಪತ್ರ. ಅಮೆರಿಕದಲ್ಲಿ ಕಾಂಗ್ರೆಷನಲ್ ಮ್ಯಾನೇಜ್‌ಮೆಂಟ್ ಫೌಂಡೇಶನ್ ಅಲ್ಲಿನ ಸಂಸದರ ಸಿಬ್ಬಂದಿಯನ್ನು ಕೇಳಿ ಮಾಡಿದ ಸಮೀಕ್ಷೆಗಳಲ್ಲೂ ಇದೇ ಬಂದಿದೆ: ಒಬ್ಬರು ತಾವೇ ಬರೆದ ಪತ್ರಕ್ಕೆ ಇರುವ ತೂಕ ಸಾಲಾಗಿ ಬಂದ ಒಂದೇ ತರದ ಪತ್ರಗಳಿಗೆ ಇಲ್ಲ. ಓದುವವರೂ ಮನುಷ್ಯರೇ ಅಲ್ವಾ.

ನಮ್ಮ ರಸ್ತೆಯ ಸಂಜೆಯ ಬಸ್ ನಿಲ್ಲಿಸುತ್ತಾರೆ ಅಂತ ಗೊತ್ತಾದಾಗ ನಾನೇ ಕೂತು ಬರೆದೆ. ಸಾರಿಗೆ ನೀತಿ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಯಾವ ಬಸ್, ಎಷ್ಟು ಗಂಟೆಯದು, ಅದು ಹೋದರೆ ಕೆಲಸ ಮುಗಿಸಿ ಬರುವಾಗ ಕತ್ತಲಲ್ಲಿ ಎಷ್ಟು ದೂರ ನಡೆಯಬೇಕು, ನನ್ನ ಜೊತೆ ಇನ್ಯಾರು ಆ ಬಸ್ಸಿಗೆ ಕಾಯುತ್ತಾರೆ, ಇಷ್ಟೇ. ಕೊನೆಯಲ್ಲಿ ಒಂದೇ ಒಂದು ಕೇಳಿದೆ: ಈ ಬಸ್ ಉಳಿಸಲು ಕೌನ್ಸಿಲ್ ಮೀಟಿಂಗ್‌ನಲ್ಲಿ ಮಾತಾಡ್ತೀರಾ? ವಾರ್ಡಿನ ಕೌನ್ಸಿಲರ್‌ಗಳಿಗೆಲ್ಲ ಒಂದೇ ಸಲ ಕಳಿಸುವ ಅನುಕೂಲ ಇದೆ, ಹಾಗೇ ಕಳಿಸಿದೆ.

ಉತ್ತರ ಬರಲೇಬೇಕು ಅಂತ ಈ ಸೈಟ್ ಯಾರನ್ನೂ ಒತ್ತಾಯ ಮಾಡಲಾರದು, ಅದು ನೆನಪಿರಲಿ. ಆದರೆ ಕೆಲವು ವಾರ ಬಿಟ್ಟು ಉತ್ತರ ಬಂತಾ ಅಂತ ನಿಮ್ಮನ್ನು ಕೇಳುತ್ತದೆ. ದಯವಿಟ್ಟು ಅದಕ್ಕೆ ಉತ್ತರಿಸಿ. ಇಂಥ ಉತ್ತರಗಳನ್ನು ಸೇರಿಸಿ ಯಾವ ಎಂಪಿ ಎಷ್ಟು ಪತ್ರಗಳಿಗೆ ಸ್ಪಂದಿಸಿದರು ಅಂತ ಮೈಸೊಸೈಟಿಯವರು ಪ್ರಕಟಿಸಿದ್ದೂ ಉಂಟು.

ನನಗೆ ಒಂಬತ್ತನೇ ದಿನ ಒಬ್ಬ ಕೌನ್ಸಿಲರ್ ಬರೆದರು. "ನಿಮ್ಮ ಪತ್ರವನ್ನು ಮೀಟಿಂಗ್‌ನಲ್ಲಿ ಓದಬಹುದಾ? ಯಾವ ದಿನ ಬಸ್ ಜಾಸ್ತಿ ತುಂಬಿರುತ್ತೆ ಅಂತ ಕೂಡ ತಿಳಿಸಿ" ಅಂತ. ಆ ವಾರವೆಲ್ಲ ಬಸ್ ಹತ್ತಿದಾಗ ಜನರನ್ನು ಎಣಿಸಿ, ಲೆಕ್ಕ ಬರೆದು ಕಳಿಸಿದೆ.