ಎಂಜಿನ್ ಕೂರುವ ಹಲಗೆಯ ಬಿರುಕನ್ನು ಹತ್ತು ತಿಂಗಳು ಬಿಟ್ಟದ್ದಕ್ಕೆ ನಾವು ತೆತ್ತದ್ದು

ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಫೈಬರ್ ದೋಣಿ ಇರುವವರು, ಅದರಲ್ಲಿಯೂ ಬೇರೆಯವರು ಬಳಸಿದ ದೋಣಿಯನ್ನು ಈಚೆಗೆ ಕೊಂಡವರು, ಇದನ್ನು ಓದಿದ ಮೇಲೆ ಒಮ್ಮೆ ದೋಣಿಯ ಬಳಿಗೆ ಹೋಗಿ ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ತಟ್ಟಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 1,800 ರೂಪಾಯಿಗೆ ಮುಗಿಯುತ್ತಿದ್ದ ಕೆಲಸವೊಂದನ್ನು ನಾವು ಹತ್ತು ತಿಂಗಳು ಮುಂದೂಡಿದೆವು. ಅದಕ್ಕೆ 67,000 ರೂಪಾಯಿ ಮತ್ತು 41 ದಿನಗಳ ದುಡಿಮೆ ಹೋಯಿತು. ದೋಣಿಯಲ್ಲಿದ್ದ ಇಬ್ಬರೂ ಬದುಕಿ ಬಂದರು ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರಲ್ಲಿ ನಮ್ಮ ಜಾಣ್ಮೆಯೇನೂ ಇರಲಿಲ್ಲ.

ನಮ್ಮದು 24 ಅಡಿಯ ದೋಣಿ, 9.9 ಅಶ್ವಶಕ್ತಿಯ ಸೀಮೆಎಣ್ಣೆ ಎಂಜಿನ್. ನನಗೆ ಬೇರೆ ಉದ್ಯೋಗವಿರುವುದರಿಂದ ಹಣ ಹಾಕಿದ್ದು ಮಾತ್ರ ನಾನು. ನಡೆಸುವವನು ನನ್ನ ತಮ್ಮ. ಅವನೂ ಅವನ ಜೊತೆಗಾರನೂ ಗಂಗೊಳ್ಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆಯನ್ನು ದಾಟಿ ಕಂತಬಲೆ ಹಾಕಿ ಬರುತ್ತಾರೆ. ಒಂದು ಫೆಬ್ರವರಿಯಲ್ಲಿ ಎಂಜಿನ್ ಬಿಚ್ಚಿ ತೊಳೆಯುವಾಗ, ಹಿಂಬದಿಯ ಹಲಗೆಯಲ್ಲಿ ಬೋಲ್ಟ್ ತೂರಿದ ಒಂದು ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಕಾಣಿಸಿತು. ತೂತಿನಿಂದ ಕಂದು ಬಣ್ಣದ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಫೈಬರ್ ಕೆಲಸದವರನ್ನು ಕರೆದು ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಈಗ ಮಾಡ್ಸಿರೆ ಸಣ್ಣ ಕೆಲ್ಸ ಮರಾಯ್ರೆ. ಮಳಿ ಬಂದ್ ಮೇಲೆ ಕರದ್ರೆ ನಂಗೆ ಎಂತ ಮಾಡೂಕೂ ಆತಿಲ್ಲೆ." ಕೂಲಿಯೂ ಸಾಮಾನೂ ಸೇರಿ 1,800 ರೂಪಾಯಿ ಎಂದರು. ದೋಣಿಯನ್ನು ನಾಲ್ಕು ದಿನ ದಡದಲ್ಲಿಟ್ಟು ಒಣಗಿಸಬೇಕೆಂದೂ ಹೇಳಿದರು.

ಆ ನಾಲ್ಕು ದಿನಗಳೇ ನಮಗೆ ಭಾರವಾದವು, ಹಣವಲ್ಲ. ಆ ವಾರ ಮೀನು ಚೆನ್ನಾಗಿ ಬೀಳುತ್ತಿತ್ತು. ತಮ್ಮ "ಎಂತ ಆತಿಲ್ಲೆ ಅಣ್ಣ, ಕಾಂಬ" ಎಂದ, ನಾನೂ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಮನೆಯ ಬಚ್ಚಲಿಗೆ ತಂದು ಉಳಿದಿದ್ದ ಸಿಲಿಕೋನ್ ಟ್ಯೂಬನ್ನು ನಾನೇ ಒಯ್ದು ಆ ತೂತಿಗೂ ಬಿರುಕಿಗೂ ಮೆತ್ತಿ ಬಂದೆ. ಹನಿ ನಿಂತಿತು. ಹನಿ ನಿಂತದ್ದೇ ದೊಡ್ಡ ಅನಾಹುತವಾಯಿತು ಎಂಬುದು ಈಗ ಅರ್ಥವಾಗುತ್ತದೆ: ನೀರು ಒಳಗೆ ಹೋಗುವ ದಾರಿ ಬೇರೆ ಬೋಲ್ಟುಗಳಲ್ಲಿ ಹಾಗೆಯೇ ಇತ್ತು, ಹೊರಗೆ ಬರುವ ದಾರಿಯನ್ನು ಮಾತ್ರ ನಾನು ಮುಚ್ಚಿದ್ದೆ.

ಇಲ್ಲಿ ಫೈಬರ್ ದೋಣಿಯ ಬಗ್ಗೆ ನಮ್ಮಲ್ಲಿರುವ ಒಂದು ತಪ್ಪು ನಂಬಿಕೆಯನ್ನು ಹೇಳಬೇಕು. ನಮ್ಮ ತಂದೆಯವರ ಕಾಲದ ಮರದ ದೋಣಿಯನ್ನು ವರ್ಷಕ್ಕೊಮ್ಮೆ ದಡಕ್ಕೆಳೆದು, ಮಗುಚಿ, ಸಂದುಗಳನ್ನು ಬಿಗಿದು, ಎಣ್ಣೆ ಬಳಿಯುವುದು ತಪ್ಪದ ಕೆಲಸವಾಗಿತ್ತು. ಮಾಡದಿದ್ದರೆ ದೋಣಿ ಸೋರಿ ತಾನೇ ನೆನಪಿಸುತ್ತಿತ್ತು. ಫೈಬರ್ ಬಂದ ಮೇಲೆ "ಇದಕ್ಕೆ ಏನೂ ಮಾಡುವುದು ಬೇಡ" ಎಂಬ ಮಾತು ಹುಟ್ಟಿಕೊಂಡಿತು. ಆದರೆ ಬಹಳಷ್ಟು ಫೈಬರ್ ದೋಣಿಗಳಲ್ಲಿ ಎಂಜಿನ್ ಕೂರುವ ಹಿಂಬದಿಯು ಬರೀ ಫೈಬರ್ ಅಲ್ಲ. ಒಳಗೆ ಪ್ಲೈವುಡ್ ಹಲಗೆಗಳನ್ನಿಟ್ಟು ಎರಡೂ ಕಡೆ ಗಾಜಿನ ನಾರು ಮತ್ತು ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಹಚ್ಚಿ ಮುಚ್ಚಿರುತ್ತಾರೆ. ಎಂಜಿನ್ನಿನ ಭಾರವನ್ನೂ ಅದು ದೋಣಿಯನ್ನು ತಳ್ಳುವ ಬಲವನ್ನೂ ಹೊರುವುದು ಆ ಮರವೇ. ಎಂಜಿನ್ನಿನ ನಡುಕಕ್ಕೆ ಬೋಲ್ಟಿನ ಸುತ್ತಲಿನ ಬಿಗಿ ಸಡಿಲಗೊಂಡರೆ ನೀರು ಮರವನ್ನು ಸೇರುತ್ತದೆ, ಮತ್ತು ಫೈಬರಿನ ಎರಡು ಪದರಗಳ ನಡುವೆ ಸಿಕ್ಕಿದ ನೀರಿಗೆ ಆರಿಹೋಗಲು ಜಾಗವೇ ಇರುವುದಿಲ್ಲ. ಹೊರಗಿನಿಂದ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಮರ ನೆನೆಹಾಕಿದ ಅವಲಕ್ಕಿಯಂತೆ ಆಗಿರುತ್ತದೆ.

ಮಳೆಗಾಲ ಬಂದಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿದ್ದರೂ ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಅವಕಾಶವಿರುವುದರಿಂದ ನಮ್ಮ ದೋಣಿಗೆ ಅದೇ ದುಡಿಮೆಯ ಕಾಲ. ಆಗಸ್ಟಿನಲ್ಲಿ ತಮ್ಮನು, ವೇಗ ಹೆಚ್ಚಿಸಿದಾಗ ಎಂಜಿನ್ ಸ್ವಲ್ಪ ಹಿಂದಕ್ಕೆ ವಾಲಿದಂತೆ ಅನಿಸುತ್ತದೆ ಎಂದಿದ್ದ. ನಾವು ಬೋಲ್ಟುಗಳನ್ನು ಇನ್ನಷ್ಟು ಬಿಗಿ ಮಾಡಿದೆವು. ಬೋಲ್ಟು ಇನ್ನೊಂದು ಸುತ್ತು ತಿರುಗಿತೆಂದರೆ ವಾಷರ್ ಮೆತ್ತಗಾದ ಮರದೊಳಕ್ಕೆ ಇಳಿಯುತ್ತಿದೆ ಎಂದರ್ಥ. ನಾವು ಅದನ್ನು "ಈಗ ಗಟ್ಟಿಯಾಯಿತು" ಎಂದು ತಿಳಿದೆವು.

ಡಿಸೆಂಬರಿನ ಒಂದು ಬೆಳಗ್ಗೆ ಮೀನು ತುಂಬಿಕೊಂಡು ಹಿಂದಿರುಗುವಾಗ, ಅಳಿವೆಯ ಮರಳದಿಬ್ಬದ ಮೇಲೆ ಅಲೆ ಏಳುತ್ತಿದ್ದ ಜಾಗದಲ್ಲಿ, ದೋಣಿಯನ್ನು ನೇರ ಹಿಡಿಯಲು ತಮ್ಮನು ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟನು. ಹಲಗೆಯ ಮೇಲಂಚು ಸೀಳಿ, ಎಂಜಿನ್ ಬೋಲ್ಟುಗಳ ಸಮೇತ ಹಿಂದಕ್ಕೆ ಕಳಚಿ ನೀರಿಗೆ ಬಿದ್ದಿತು. ಎಂಜಿನ್ನಿಗೆ ಕಟ್ಟಿದ್ದ ಹಗ್ಗ ಹರಿಯಲಿಲ್ಲ. ಹರಿದಿದ್ದರೆ ಎಂಜಿನ್ ಹೋಗುತ್ತಿತ್ತು, ಹರಿಯದ್ದರಿಂದ ಅದು ಲಂಗರಿನಂತೆ ಹಿಂಬದಿಯನ್ನು ಕೆಳಗೆ ಜಗ್ಗಿ, ಮುರಿದ ಜಾಗದಿಂದ ಎರಡು ಅಲೆಗಳು ಒಳಗೆ ಬಂದವು. ಬಲೆಯನ್ನೂ ಮೀನನ್ನೂ ನೀರಿಗೆ ಎಸೆದು, ಇಬ್ಬರೂ ದೋಣಿಯ ಮುಂಭಾಗಕ್ಕೆ ಸರಿದು ಕುಳಿತದ್ದರಿಂದ ಹಿಂಬದಿ ಸ್ವಲ್ಪ ಮೇಲೆದ್ದಿತು. ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಲೈಫ್ ಜಾಕೆಟ್‌ಗಳು ಆ ದಿನ ಮನೆಯ ಜಗಲಿಯಲ್ಲಿದ್ದವು.

ಇಷ್ಟಾದ ಮೇಲೂ ನಾವು ಕಲಿಯಲಿಲ್ಲ. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಕೆಲವೇ ಗಂಟೆಗಳೊಳಗೆ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಳಗಿನ ನೀರು ತೆಗೆದು, ಸಿಲಿಂಡರಿಗೆ ಎಣ್ಣೆ ಬಿಡಬೇಕು. ಮೆಕ್ಯಾನಿಕ್ ಕೂಡಲೇ ಸಿಗದಿದ್ದರೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಇಡಬೇಕು. ಗಾಳಿ ತಗುಲಿದರೆ ತುಕ್ಕು ಬೇಗ ಹಿಡಿಯುತ್ತದೆ. ಅದು ತಿಳಿಯದೆ ನಾವು ಎಂಜಿನ್ನನ್ನು ಒರೆಸಿ, ಬಿಸಿಲಿಗಿಟ್ಟು, ಭಾನುವಾರವೆಂದು ಒಂದು ದಿನ, ಮೆಕ್ಯಾನಿಕ್ ಊರಲ್ಲಿಲ್ಲವೆಂದು ಇನ್ನೊಂದು ದಿನ ಕಾದೆವು. ಮೂರನೆಯ ದಿನ ಬಿಚ್ಚಿದಾಗ ಬೇರಿಂಗುಗಳು ತುಕ್ಕು ಹಿಡಿದು ಬಿಗಿದಿದ್ದವು. ಎಂಜಿನ್ ಒಂದಕ್ಕೇ 38,500 ರೂಪಾಯಿ ಹೋಯಿತು. ವಿಮೆಯ ಕಡೆಯಿಂದ ನೋಡಲು ಬಂದವರು ಮುರಿದ ಹಲಗೆಯ ಕಪ್ಪು ಮರವನ್ನು ಬೆರಳಿನಿಂದ ಕೆರೆದು, ಇದು ಅಪಘಾತವಲ್ಲ, ಸವಕಳಿ ಎಂದು ಬರೆದುಕೊಂಡು ಹೋದರು. ಅವರ ಮೇಲೆ ಆ ದಿನ ಬಹಳ ಸಿಟ್ಟು ಬಂದಿತ್ತು. ಆದರೆ ಅವರು ಬರೆದದ್ದು ಸುಳ್ಳಾಗಿರಲಿಲ್ಲ.

ಹಿಂಬದಿಯನ್ನು ಹೊಸದಾಗಿ ಕಟ್ಟಲು 26,000 ರೂಪಾಯಿ ಆಯಿತು, ಉಳಿದದ್ದು ಸಾಗಾಟಕ್ಕೆ. ಒಳಗಿನ ಫೈಬರ್ ಪದರ ಕತ್ತರಿಸಿ ತೆಗೆದು, ಕೊಳೆತ ಮರವನ್ನು ಉಳಿಯಿಂದ ಕೆತ್ತಿ, ಉಳಿದ ಭಾಗ ಪೂರ್ತಿ ಒಣಗಲು ವಾರಗಟ್ಟಲೆ ಕಾಯಬೇಕಾಯಿತು, ಏಕೆಂದರೆ ಹಸಿಯಾದ ಮೈಗೆ ರೆಸಿನ್ ಕಚ್ಚುವುದಿಲ್ಲ. ನಾನು ಮೆತ್ತಿದ್ದ ಸಿಲಿಕೋನ್ ಅಂಟಿದ್ದ ಜಾಗದಲ್ಲಿ ರೆಸಿನ್ ನಿಲ್ಲದೆ, ಅಷ್ಟಗಲ ಉಜ್ಜಿ ತೆಗೆದು ಎರಡು ಬಾರಿ ಕೆಲಸ ಮಾಡಬೇಕಾಯಿತು. ಅದರ ಕೂಲಿಯೂ ಆ 26,000ದಲ್ಲಿಯೇ ಸೇರಿದೆ.

ನೋಡುವ ಕ್ರಮ ಕಷ್ಟದ್ದಲ್ಲ. ಎಂಜಿನ್ ಎತ್ತಿಟ್ಟು, ಸುತ್ತಿಗೆಯ ಮರದ ಹಿಡಿಯಿಂದ ಹಲಗೆಯ ಉದ್ದಕ್ಕೂ ತಟ್ಟಿದರೆ ಗಟ್ಟಿ ಮರವಿರುವಲ್ಲಿ ಟಣ್ ಎಂದು ಸ್ಪಷ್ಟ ಶಬ್ದ ಬರುತ್ತದೆ, ಕೊಳೆತಲ್ಲಿ ಮಂದವಾಗಿ ಕೇಳುತ್ತದೆ. ಎಂಜಿನ್ ಕಟ್ಟಿದ ಮೇಲೆ ಅದರ ಕೆಳಗಿನ ಭಾಗ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಹಲಗೆ ಬಾಗುವುದು ಕಣ್ಣಿಗೆ ಕಂಡರೆ ಆ ದೋಣಿಯನ್ನು ಅಳಿವೆಯ ಕಡೆಗೆ ಒಯ್ಯಬಾರದು. ಬೋಲ್ಟ್ ಬಿಚ್ಚಿದಾಗ ಕಂದು ನೀರು ಬಂದರೆ ತೂತನ್ನು ಮುಚ್ಚುವ ಬದಲು ತೆರೆದಿಟ್ಟು ಒಣಗಿಸಬೇಕು. ಕೆಲಸಕ್ಕೆ ಫೆಬ್ರವರಿ, ಮಾರ್ಚ್ ತಿಂಗಳೇ ಸರಿ. ಮೇ ತಿಂಗಳಿನಲ್ಲಿ ದೊಡ್ಡ ಬೋಟುಗಳು ದಡಕ್ಕೆ ಬರತೊಡಗಿದ ಮೇಲೆ ಫೈಬರ್ ಕೆಲಸದವರು ನಮ್ಮಂಥ ಸಣ್ಣ ದೋಣಿಯವರ ಕೈಗೆ ಸಿಗುವುದಿಲ್ಲ, ಸಿಕ್ಕರೂ ಅಷ್ಟರಲ್ಲಿ ಮೋಡ ಕಟ್ಟಿರುತ್ತದೆ.